ದರ್ಜೆ: ಏರಿಬಂದ ಒಂದು ಪದ

ಮಾದನಹಿಪ್ಪರಗಾದ ಸೀಮೆಯಲ್ಲಿ ತೊಗರಿ ರಾಶಿ ಮುಗಿದು ಮಾಲು ಆಳಂದ, ಕಲಬುರಗಿಯ ಅಡತಿ ಅಂಗಡಿಗಳಿಗೆ ಇಳಿಯುವ ಹೊತ್ತಿಗೆ ಒಂದು ಪದಕ್ಕೆ ಬಿಡುವೇ ಇರುವುದಿಲ್ಲ. ‘ಒಂದನೇ ದರ್ಜಾ ಮಾಲ್ರಿ ಇದು’ ಎನ್ನುತ್ತಾನೆ ರೈತ. ‘ಮಾಲ್ ಛಲೋ ಅದ, ಖರೆ ಹಸಿ ಅದ’ ಎನ್ನುತ್ತಾನೆ ಖರೀದಿದಾರ. ನಾವು ಬರೆಯುವಾಗ ‘ದರ್ಜೆ’ ಎನ್ನುತ್ತೇವೆ. ಮಾಲಾ, ಶಾಲಾ ಎಂಬ ಸಂಸ್ಕೃತ ಆಕಾರಾಂತಗಳನ್ನು ಮಾಲೆ, ಶಾಲೆ ಮಾಡಿಕೊಂಡ ಕನ್ನಡದ ನಾಲಗೆಯೇ ಜಿಲ್ಲಾ, ಇಲಾಖಾ, ಹವಾಗಳನ್ನೂ ಜಿಲ್ಲೆ, ಇಲಾಖೆ, ಹವೆ ಎಂದು ಪಳಗಿಸಿತು. ಆ ಸಾಲಿನಲ್ಲೇ ದರ್ಜಾ ದರ್ಜೆಯಾಯಿತು. ಕಲಬುರಗಿಯ ಮಾತು ಮಾತ್ರ ಹಳೆಯ ಆಕಾರವನ್ನು ಬಿಟ್ಟುಕೊಟ್ಟಿಲ್ಲ. 1347ರಲ್ಲಿ ಹುಟ್ಟಿದ ಬಹಮನಿ ರಾಜ್ಯಕ್ಕೆ ಕಲಬುರಗಿಯೇ ರಾಜಧಾನಿಯಾಗಿ ಫಾರಸಿ ದರಬಾರಿನ ಭಾಷೆಯಾದದ್ದನ್ನೂ, 1948ರವರೆಗೆ ನಿಜಾಮರ ಕಚೇರಿಗಳಲ್ಲಿ ಉರ್ದು ನಡೆದದ್ದನ್ನೂ, ಮಗ್ಗುಲಲ್ಲೇ ಮರಾಠಿ ‘ದರ್ಜಾ’ ಬಾಳುತ್ತಿರುವುದನ್ನೂ ನೆನೆದರೆ ಇದರಲ್ಲಿ ಸೋಜಿಗವಿಲ್ಲ.

ಮೂಲ ಅರಬ್ಬಿಯ ‘ದರಜ’. ಅರ್ಥ, ಮೆಟ್ಟಿಲು. ಹಳಗನ್ನಡದ ಪಾವಟಿಗೆ, ಸಂಸ್ಕೃತದ ಸೋಪಾನ ನಮ್ಮಲ್ಲಿ ಮೊದಲೇ ಇದ್ದುದರಿಂದ ಕಲ್ಲಿನ ಮೆಟ್ಟಿಲಿಗೆ ಈ ಪದ ಬೇಕಾಗಲಿಲ್ಲ. ಮನುಷ್ಯರನ್ನೂ ವಸ್ತುಗಳನ್ನೂ ಮೇಲೆ ಕೆಳಗೆ ನಿಲ್ಲಿಸುವುದಕ್ಕೆ ಬೇಕಾಯಿತು. ಆದರೂ ‘ಮೇಲ್ದರ್ಜೆಗೇರಿಸು’ ಎಂಬ ಕಚೇರಿ ಮಾತಿನಲ್ಲಿ ಆ ‘ಏರು’ ಎಷ್ಟು ಸಹಜವಾಗಿ ಕೂತಿದೆ ನೋಡಿ, ಪದ ಮರೆತ ಮೆಟ್ಟಿಲನ್ನು ಕ್ರಿಯಾಪದ ನೆನಪಿಟ್ಟುಕೊಂಡಂತಿದೆ. (ಬಟ್ಟೆ ಹೊಲಿಯುವ ‘ದರ್ಜಿ’ ಇದರ ಬಳಗದವನಲ್ಲ, ಅವನು ಹೊಲಿಗೆ ಎಂಬರ್ಥದ ಫಾರಸಿ ‘ದರ್ಜ್’ನಿಂದ ಬಂದವನು.) ಇದೇ ಕೆಲಸಕ್ಕೆ ಸಂಸ್ಕೃತದ ತರ, ತಮ ಪ್ರತ್ಯಯಗಳು ಕೂಡಿ ಹುಟ್ಟಿದ ‘ತಾರತಮ್ಯ’ವಿತ್ತು, ಮಧ್ವಮತದಲ್ಲಿ ಅದು ಜೀವರ ಶ್ರೇಣಿಯನ್ನು ಹೇಳುವ ಪಾರಿಭಾಷಿಕ ಪದ, ಇಂದಿನ ಪತ್ರಿಕೆಯಲ್ಲಿ ಅನ್ಯಾಯದ ಹೆಸರು. ತಾರತಮ್ಯಕ್ಕೆ ಅಂಟಿದ ಕಹಿ ದರ್ಜೆಗೆ ಅಂಟಲಿಲ್ಲ.

ದರ್ಜೆ ಎಂದಾಗ ನಮಗೆ ಗುಣವೇ ಕೇಳಿಸುತ್ತದೆ. ಆದರೆ ಊರೂರಿನ ‘ಸರ್ಕಾರಿ ಪ್ರಥಮ ದರ್ಜೆ ಕಾಲೇಜು’ ಎಂಬ ಫಲಕವನ್ನೇ ತೆಗೆದುಕೊಳ್ಳಿ. ಇಂಟರ್‌ಮೀಡಿಯೆಟ್‌ವರೆಗೆ ಕಲಿಸುವುದು ದ್ವಿತೀಯ ದರ್ಜೆ, ಬಿ.ಎ.ವರೆಗೆ ಕಲಿಸುವುದು ಪ್ರಥಮ ದರ್ಜೆ ಎಂದು ಬ್ರಿಟಿಷರ ಕಾಲದಲ್ಲಿ ವಿಂಗಡಣೆಯಿತ್ತು. ಎರಡನೆಯ ಮೆಟ್ಟಿಲು ಕಳಚಿಹೋಗಿ ಮೊದಲನೆಯದು ಉಳಿದಿದೆ. ಅದು ಪಾಠದ ಮಟ್ಟವನ್ನು ಹೇಳುತ್ತದೆ, ಪಾಠದ ಸೊಗಸನ್ನಲ್ಲ. ಫ್ರಾನ್ಸಿನ ಬೋರ್ಡೊ ದ್ರಾಕ್ಷಾರಸದ್ದೂ ಇಂಥದೇ ಕತೆ. 1855ರ ಪ್ಯಾರಿಸ್ ಪ್ರದರ್ಶನಕ್ಕಾಗಿ ದಲ್ಲಾಳಿಗಳು ಅಂದಿನ ಮಾರುಕಟ್ಟೆ ಬೆಲೆಗಳನ್ನು ನೋಡಿ ಐದು ದರ್ಜೆ ಕಟ್ಟಿದರು. ತೋಟದ ಗಡಿ, ಮಾಲೀಕರು, ತಯಾರಿಕೆಯ ರೀತಿ ಎಲ್ಲ ಬದಲಾದರೂ ಆ ಪಟ್ಟಿ ಹೆಚ್ಚುಕಮ್ಮಿ ಹಾಗೇ ಇದೆ. ಮೇಲಿನ ದರ್ಜೆಗೆ ಏರಿದ್ದು ಮೂತಾನ್ ರೋಥ್‌ಶೀಲ್ಡ್ ಎಂಬ ತೋಟದ ದ್ರಾಕ್ಷಾರಸ ಒಂದೇ, ಅದೂ 1973ರಲ್ಲಿ.

ತೊಗರಿಗೆ ಬಂದರೆ ಮಾತು ಇನ್ನೂ ಸೂಕ್ಷ್ಮ. 1937ರ ಕಾಯಿದೆಯಿಂದ ಹುಟ್ಟಿದ ಅಗ್‌ಮಾರ್ಕ್ ಬೇಳೆಯಲ್ಲಿ ತೇವ, ಕಸ, ನುಚ್ಚು, ಹುಳು ತಿಂದ ಕಾಳುಗಳನ್ನು ಅಳೆದು ದರ್ಜೆ ಕೊಡುತ್ತದೆ. ಬೆಂಬಲ ಬೆಲೆಯ ಖರೀದಿಗೆ ತೊಗರಿಯ ತೇವ ನೂರಕ್ಕೆ 12 ಮೀರಬಾರದು. ಅಡತಿಯಲ್ಲಿ ಪಳಗಿದವರು ಅಂಗೈಯಲ್ಲಿ ಕಾಳು ಹರಡಿ, ಒಂದನ್ನು ಹಲ್ಲಿನಡಿ ಇಟ್ಟು ಒಡೆಯುತ್ತಾರೆ: ‘ಕಟ್’ ಎಂದರೆ ಒಣಗಿದೆ, ಮೆತ್ತಗೆ ಒತ್ತಿಕೊಂಡರೆ ಹಸಿ. ಇವೆಲ್ಲ ನಂಬಬಹುದಾದ ಸಂಗತಿಗಳು, ಈ ದರ್ಜೆಯ ಬಗ್ಗೆ ನನಗೆ ಗೌರವವಿದೆ; ಕೊಂಡವನಿಗೆ ಕಲ್ಲು, ಹುಳುಗಳಿಂದ ಅದು ಕಾವಲು. ಆದರೆ ಬೇಳೆ ಕುಕ್ಕರಿನಲ್ಲಿ ಬೇಗ ಕರಗುತ್ತದೋ, ಸಾರಿಗೆ ರುಚಿ ಬಿಡುತ್ತದೋ ಎಂಬುದು ತೇವದ ಅಂಕಿಯಲ್ಲಿ ಸಿಗುವುದಿಲ್ಲ. ಎಣ್ಣೆ ಸವರಿದ ಬೇಳೆ ಕಣ್ಣಿಗೆ ಮೇಲ್ದರ್ಜೆಯಾಗಿ ಕಂಡೀತು. ಬಹುಕಾಲ ಇಟ್ಟ ಬೇಳೆ ಎಷ್ಟೇ ಚೊಕ್ಕಟವಾಗಿದ್ದರೂ ಬೇಯಲು ಸತಾಯಿಸುತ್ತದೆ.

2019ರಲ್ಲಿ ಗುಲ್ಬರ್ಗಾ ತೊಗರಿಬೇಳೆಗೆ ಭೌಗೋಳಿಕ ಸೂಚಿಕೆ ದೊರೆತಾಗ ಕೆಲವರು ಅದನ್ನೂ ‘ದರ್ಜೆ’ ಎಂದು ಕರೆದರು. ನಾವು ಪದಪ್ರಿಯರು ಅಲ್ಲಿ ಸ್ವಲ್ಪ ತಡೆದು ನಿಲ್ಲಬೇಕು. ಅದು ಮೆಟ್ಟಿಲಲ್ಲ, ಗಡಿಕಲ್ಲು: ಕಾಳು ಯಾವ ನೆಲದ್ದು ಎನ್ನುತ್ತದೆ, ಯಾವ ಸಾಲಿನದು ಎನ್ನುವುದಿಲ್ಲ. ಅದನ್ನು ತಿಳಿಯಲು ಇಲ್ಲಿಯ ಗೃಹಿಣಿಯರು ದರ್ಜಾ ಕೇಳುವುದಿಲ್ಲ. ‘ಬ್ಯಾಳಿ ಈ ವರ್ಷದ್ದೋ, ಹಳೇದೋ?’ ಎಂದು ಕೇಳುತ್ತಾರೆ.