ರಿಯಲ್ ಎಸ್ಟೇಟ್ ಷೇರು: ದೊಡ್ಡ ಹೂಡಿಕೆದಾರರ ಖರೀದಿ-ಮಾರಾಟ ತಿಳಿಯುವುದು ಹೇಗೆ?

‘ಎಫ್‌ಐಐಗಳು ಖರೀದಿ ಮಾಡ್ತಿವೆ, ಬೇಗ ತಗೊಳ್ಳಿ’ ಎಂಬ ಸಂದೇಶಗಳು ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಆಗಾಗ ಹರಿದಾಡುತ್ತವೆ. ರಿಯಲ್ ಎಸ್ಟೇಟ್ ಷೇರುಗಳೂ ಇದಕ್ಕೆ ಹೊರತಲ್ಲ. ಇದು ನಿಜವೋ ಸುಳ್ಳೋ ಎಂದು ಯಾರು ಬೇಕಾದರೂ ಪುಕ್ಕಟೆಯಾಗಿ ಪರಿಶೀಲಿಸಬಹುದು.

ಯಾರಿವರು?

ಮ್ಯೂಚುವಲ್ ಫಂಡ್, ವಿಮಾ ಕಂಪೆನಿ, ಪಿಂಚಣಿ ನಿಧಿಗಳು ದೇಶೀಯ ಸಾಂಸ್ಥಿಕ ಹೂಡಿಕೆದಾರರು (ಡಿಐಐ). ಹೊರದೇಶದ ಫಂಡುಗಳನ್ನು ಎಫ್‌ಐಐ ಅಥವಾ ಎಫ್‌ಪಿಐ ಎನ್ನುತ್ತಾರೆ.

ಎಲ್ಲಿ ನೋಡಬೇಕು?

* ಷೇರುದಾರಿಕೆ ವಿವರ: ಪ್ರತಿ ತ್ರೈಮಾಸಿಕ ಮುಗಿದ 21 ದಿನಗಳೊಳಗೆ ಕಂಪೆನಿ ಇದನ್ನು ಷೇರುಪೇಟೆಗೆ ಸಲ್ಲಿಸಬೇಕು. ಶೇ.1 ಅಥವಾ ಅದಕ್ಕಿಂತ ಹೆಚ್ಚು ಪಾಲು ಇರುವ ಸಾರ್ವಜನಿಕ ಷೇರುದಾರರ ಹೆಸರು ಇದರಲ್ಲಿರುತ್ತದೆ. ಎನ್‌ಎಸ್‌ಇ, ಬಿಎಸ್‌ಇ ವೆಬ್‌ಸೈಟುಗಳಲ್ಲಿ ಸಿಗುತ್ತದೆ.
* ಬಲ್ಕ್ ಡೀಲ್: ಕಂಪೆನಿಯ ಒಟ್ಟು ಷೇರುಗಳಲ್ಲಿ ಶೇ.0.5ಕ್ಕಿಂತ ಹೆಚ್ಚನ್ನು ಒಬ್ಬರೇ ಒಂದೇ ದಿನ ಕೊಂಡರೆ ಅಥವಾ ಮಾರಿದರೆ, ಅವರ ಹೆಸರು, ಪ್ರಮಾಣ, ಬೆಲೆ ಅಂದೇ ಪ್ರಕಟವಾಗುತ್ತದೆ.
* ಮ್ಯೂಚುವಲ್ ಫಂಡ್ ಪಟ್ಟಿ: ಯಾವ ಷೇರು ಎಷ್ಟಿದೆ ಎಂಬುದನ್ನು ಫಂಡುಗಳು ಪ್ರತಿ ತಿಂಗಳೂ ಬಹಿರಂಗಪಡಿಸುತ್ತವೆ.
* ಎನ್‌ಎಸ್‌ಡಿಎಲ್: ವಿದೇಶಿ ಹೂಡಿಕೆಯ ವಲಯವಾರು ಲೆಕ್ಕ ಹದಿನೈದು ದಿನಕ್ಕೊಮ್ಮೆ ಬರುತ್ತದೆ. ರಿಯಲ್ ಎಸ್ಟೇಟ್‌ಗೆ ಅದರಲ್ಲಿ ಪ್ರತ್ಯೇಕ ಸಾಲು ಇದೆ.

ಎಲ್ಲಿ ಎಡವುತ್ತಾರೆ?

ದಿನಾ ಸಂಜೆ ಸುದ್ದಿಯಲ್ಲಿ ಬರುವ ಎಫ್‌ಐಐ-ಡಿಐಐ ಅಂಕಿ ಇಡೀ ಪೇಟೆಯದ್ದು, ಒಂದು ಕಂಪೆನಿಯದ್ದಲ್ಲ.

ಶೇಕಡಾವಾರು ನೋಡುವಾಗಲೂ ಹುಷಾರಾಗಿರಬೇಕು. ಬೆಂಗಳೂರಿನ ಪ್ರೆಸ್ಟೀಜ್ ಎಸ್ಟೇಟ್ಸ್ 2024ರ ಸೆಪ್ಟೆಂಬರ್‌ನಲ್ಲಿ ಸಾಂಸ್ಥಿಕ ಹೂಡಿಕೆದಾರರಿಗೆ ಹೊಸ ಷೇರು ನೀಡಿ ಸುಮಾರು 5,000 ಕೋಟಿ ರೂ. ಸಂಗ್ರಹಿಸಿತು. ಇದರಿಂದ ಪ್ರವರ್ತಕರ ಪಾಲು ಸುಮಾರು ಶೇ.65ರಿಂದ ಶೇ.61ಕ್ಕೆ ಇಳಿಯಿತು. ಹಾಗಂತ ಅವರು ಷೇರು ಮಾರಿದರು ಎಂದರ್ಥವಲ್ಲ. ಒಟ್ಟು ಷೇರುಗಳು ಹೆಚ್ಚಾದಾಗ ಹಳಬರ ಪಾಲು ತಾನಾಗಿಯೇ ಕಡಿಮೆಯಾಗುತ್ತದೆ. ಆದ್ದರಿಂದ ಶೇಕಡಾವಾರಿನ ಜೊತೆ ಷೇರುಗಳ ಸಂಖ್ಯೆಯನ್ನೂ ನೋಡಬೇಕು.

ಮಾಹಿತಿ ತಡವಾಗಿ ಬರುತ್ತದೆ ಎಂಬುದೂ ನೆನಪಿರಲಿ. ಜುಲೈ ಆರಂಭದಲ್ಲಿ ನಡೆದ ಖರೀದಿ ತ್ರೈಮಾಸಿಕ ವಿವರದಲ್ಲಿ ಕಾಣುವುದು ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಆ ಫಂಡು ಮತ್ತೆ ಮಾರಾಟ ಶುರು ಮಾಡಿರಲೂಬಹುದು. ಸೂಚ್ಯಂಕ ಆಧಾರಿತ ಫಂಡುಗಳಂತೂ ಕಂಪೆನಿ ಚೆನ್ನಾಗಿದೆ ಎಂದು ಕೊಳ್ಳುವುದಲ್ಲ, ಸೂಚ್ಯಂಕದಲ್ಲಿ ಇದೆ ಎಂದು ಕೊಳ್ಳುತ್ತವೆ.

ಇನ್ನೇನು ಗಮನಿಸಬೇಕು?

ಹೆಚ್ಚಾಗಿ ಮನೆ ಹಸ್ತಾಂತರವಾದ ಮೇಲೆ ಆದಾಯ ಲೆಕ್ಕಕ್ಕೆ ಸೇರುವುದರಿಂದ ಈ ಕಂಪೆನಿಗಳ ಲಾಭ ತ್ರೈಮಾಸಿಕದಿಂದ ತ್ರೈಮಾಸಿಕಕ್ಕೆ ಏರುಪೇರಾಗುತ್ತದೆ. ಹೀಗಾಗಿ ಹೊಸ ಬುಕಿಂಗ್, ಗ್ರಾಹಕರಿಂದ ಕೈಸೇರಿದ ಹಣ, ಸಾಲ ಮತ್ತು ಪ್ರವರ್ತಕರು ಅಡವಿಟ್ಟ ಷೇರುಗಳನ್ನು ನೋಡುವುದು ಮುಖ್ಯ. ಗೃಹಸಾಲದ ಬಡ್ಡಿ ಏರಿದರೆ ಮನೆ ಮಾರಾಟಕ್ಕೂ ಪೆಟ್ಟು ಬೀಳಬಹುದು.

ದೊಡ್ಡ ಫಂಡಿಗೆ ಒಂದು ಷೇರಿನಲ್ಲಿ ನಷ್ಟವಾದರೆ ಇನ್ನೂ ಹತ್ತಾರು ಷೇರುಗಳಿರುತ್ತವೆ. ಊರಲ್ಲೋ ಗಲ್ಫ್‌ನಲ್ಲೋ ದುಡಿದು ಕೂಡಿಟ್ಟ ಹಣವನ್ನು ಒಂದೇ ಕಡೆ ಹಾಕಿದವರಿಗೆ ಆ ಅನುಕೂಲ ಇಲ್ಲ. ಅವರು ಖರೀದಿಸಿದರು ಎಂಬುದು ಪರಿಶೀಲನೆ ಶುರು ಮಾಡಲು ಒಂದು ಕಾರಣವೇ ಹೊರತು, ದುಡ್ಡು ಹಾಕಲು ಅದೊಂದೇ ಸಾಲದು.