ಬೈಬಲಿನ ವಂಶಾವಳಿಗಳೂ ಅವುಗಳ ಆಧ್ಯಾತ್ಮಿಕಾರ್ಥವೂ

ಬೈಬಲನ್ನು ಆದಿಯಿಂದ ಓದತೊಡಗಿದವರಿಗೆ ಮೊದಲು ಬೇಸರ ತರುವುವು ಅದರ ವಂಶಾವಳಿಗಳು. ಆದಿಕಾಂಡದ ಐದನೆಯ ಮತ್ತು ಹನ್ನೊಂದನೆಯ ಅಧ್ಯಾಯಗಳು, ಪೂರ್ವಕಾಲವೃತ್ತಾಂತದ ಮೊದಲನೆಯ ಗ್ರಂಥದಲ್ಲಿನ ಒಂಬತ್ತು ಅಧ್ಯಾಯಗಳು, ಮತ್ತಾಯ ಮತ್ತು ಲೂಕರ ಸುವಾರ್ತೆಗಳಲ್ಲಿನ ಎರಡು ಪಟ್ಟಿಗಳು ಇವನ್ನು ಹಾಳೆ ಮಗುಚಿ ಬಿಟ್ಟುಬಿಡುವವರೇ ಹೆಚ್ಚು. ಇನ್ನು ಕೆಲವರು ಒಂದೊಂದು ಹೆಸರಿನ ಧಾತ್ವರ್ಥವನ್ನೂ ಹಿಂಡಿ ಅದರಿಂದ ಒಂದೊಂದು ಉಪದೇಶವನ್ನು ತೆಗೆಯುತ್ತಾರೆ. ಈ ಎರಡು ಬಗೆಯ ಓದುಗರೂ ಒಂದೇ ಪ್ರಶ್ನೆಯನ್ನು ಕೇಳದೆ ಬಿಟ್ಟಿದ್ದಾರೆ. ಈ ಪಟ್ಟಿಗಳನ್ನು ಬರೆದವರು ಯಾತಕ್ಕಾಗಿ ಬರೆದರು? ಆ ಪ್ರಯೋಜನವನ್ನು ಅರಿಯದೆ ಆಧ್ಯಾತ್ಮಿಕಾರ್ಥವನ್ನು ಹೇಳಹೊರಡುವುದು ತಳಹದಿಯಿಲ್ಲದೆ ಗೋಡೆಯೆಬ್ಬಿಸಿದಂತೆ.

ಇವು ಕಾಲಗಣನೆಗಾಗಿ ಬರೆದವಲ್ಲವೆಂಬುದು ಮೊದಲು ಮನಸ್ಸಿನಲ್ಲಿರಬೇಕು. ಆರ್ಚ್‌ಬಿಷಪ್ ಅಷರನು 1650ರಲ್ಲಿ ಇವುಗಳಲ್ಲಿನ ವರ್ಷಗಳನ್ನು ಆಧಾರವಾಗಿಟ್ಟು ಸೃಷ್ಟಿಯು ಕ್ರಿ. ಪೂ. 4004ರಲ್ಲಿ ಆಯಿತೆಂದು ನಿರ್ಣಯಿಸಿದನು. ಆದರೆ ಸೃಷ್ಟಿಯಿಂದ ಜಲಪ್ರಳಯದವರೆಗೆ ಹೀಬ್ರೂ ಪಾಠದಂತೆ 1656 ವರ್ಷಗಳೂ, ಸಮಾರ್ಯರ ಪಾಠದಂತೆ 1307 ವರ್ಷಗಳೂ, ಪ್ರಾಚೀನ ಗ್ರೀಕ್ ಭಾಷಾಂತರದಂತೆ 2242 ವರ್ಷಗಳೂ ಆಗುತ್ತವೆ. ಪಾಠಗಳೇ ಹೀಗೆ ಕವಲೊಡೆದಿರುವಲ್ಲಿ ಅಷರನ ಗಣಿತದ ಸೂಕ್ಷ್ಮತೆಯಿಂದ ಏನು ಫಲ? ಆದಾಮನಿಂದ ನೋಹನವರೆಗೆ ಹತ್ತು ತಲೆ, ಶೇಮನಿಂದ ಅಬ್ರಾಮನವರೆಗೆ ಮತ್ತೆ ಹತ್ತು ತಲೆ. ಈ ಸಮತೆಯೇ ಲೇಖಕನ ಉದ್ದೇಶವು ಬೇರೆಯೆಂಬುದನ್ನು ಸೂಚಿಸುತ್ತದೆ.

ವಂಶಾವಳಿಯಿಂದ ಮನುಷ್ಯರ ಬಾಳು ನಿರ್ಣಯವಾದ ಸಂದರ್ಭವೊಂದು ಎಜ್ರನ ಗ್ರಂಥದಲ್ಲಿದೆ. ಪಾರಸಿಕ ಚಕ್ರವರ್ತಿ ಕೋರೆಷನು ಕ್ರಿ. ಪೂ. 538ರಲ್ಲಿ ಅಪ್ಪಣೆ ಕೊಟ್ಟ ಮೇಲೆ ಬಾಬೆಲಿನ ಸೆರೆಯಿಂದ ಯೆರೂಸಲೇಮಿಗೆ ಮರಳಿದವರಲ್ಲಿ ಮೂರು ಯಾಜಕಕುಲಗಳವರು ತಮ್ಮ ವಂಶಪತ್ರಗಳನ್ನು ಹುಡುಕಿ ಕಾಣದೆ ಹೋದರು. ಪತ್ರವಿಲ್ಲದ ಕಾರಣ ಅವರು ಅಶುದ್ಧರೆಂದು ಯಾಜಕತ್ವದಿಂದ ತೆಗೆಯಲ್ಪಟ್ಟರು. ಊರೀಮ್ ತುಮ್ಮೀಮುಗಳಿಂದ ದೇವರ ಚಿತ್ತವನ್ನರಿಯಬಲ್ಲ ಯಾಜಕನೊಬ್ಬನು ಬರುವತನಕ ಮಹಾಪರಿಶುದ್ಧ ಪದಾರ್ಥಗಳನ್ನು ಅವರು ಭುಜಿಸಕೂಡದೆಂದು ಅಧಿಪತಿಯು ವಿಧಿಸಿದನು. ಅದೇ ಗ್ರಂಥದ ಕೊನೆಯಲ್ಲಿಯೂ ಒಂದು ಪಟ್ಟಿಯಿದೆ. ಅದು ಅನ್ಯಜನಾಂಗದ ಸ್ತ್ರೀಯರನ್ನು ಮದುವೆಯಾಗಿದ್ದವರದು. ಐದು ನೂರು ವರ್ಷಗಳ ಅನಂತರವೂ ಈ ಪದ್ಧತಿಯು ಸಡಿಲಲಿಲ್ಲ. ಯಾಜಕನು ವರಿಸುವ ಕನ್ಯೆಯ ಕುಲವನ್ನು ಪತ್ರಗಳಿಂದ ಪರೀಕ್ಷಿಸುತ್ತಿದ್ದರೆಂದೂ, ಐಗುಪ್ತ ಬಾಬೆಲುಗಳಲ್ಲಿ ನೆಲಸಿದವರು ಸಹ ತಮ್ಮ ವಿವಾಹದ ವಿವರವನ್ನು ಯೆರೂಸಲೇಮಿಗೆ ಕಳುಹಿಸುತ್ತಿದ್ದರೆಂದೂ ಜೋಸೀಫಸನು ಹೇಳುತ್ತಾನೆ. ಹೀಗೆ ವಂಶಾವಳಿಯು ಒಂದು ಬೇಲಿಯಾಗಿತ್ತು. ದೇಶವನ್ನೂ ರಾಜ್ಯವನ್ನೂ ಕಳೆದುಕೊಂಡ ಸಣ್ಣ ಜನಾಂಗವೊಂದು ತನ್ನನ್ನು ಉಳಿಸಿಕೊಳ್ಳಲು ಕಟ್ಟಿದ ಈ ಬೇಲಿಯನ್ನು ಇಂದು ನಾವು ಸುಲಭವಾಗಿ ನಿಂದಿಸಲಾಗದು.

ಆದರೆ ಅದೇ ಜನಾಂಗದ ಅದೇ ಧರ್ಮಗ್ರಂಥದೊಳಗೆ ಈ ಬೇಲಿಗೆ ಉತ್ತರವೂ ಉಂಟು. ಆ ಉತ್ತರವೂ ವಂಶಾವಳಿಯ ರೂಪದಲ್ಲಿಯೇ ಇದೆ. ರೂತಳು ಮೋವಾಬ್ ದೇಶದವಳು. ಮೋವಾಬ್ಯನು ಹತ್ತನೆಯ ತಲೆಯವರೆಗೂ ಕರ್ತನ ಸಭೆಯಲ್ಲಿ ಸೇರಕೂಡದೆಂಬುದು ಧರ್ಮೋಪದೇಶಕಾಂಡದ ವಿಧಿ. ನೆಹೆಮೀಯನ ಕಾಲದಲ್ಲಿ ಈ ವಿಧಿಯನ್ನು ಜನರಿಗೆ ಓದಿ ಕೇಳಿಸಿ ಪರಕೀಯರನ್ನು ಬೇರ್ಪಡಿಸಿದರು. ರೂತಳ ಕಥೆಯಾದರೋ ಪೆರೆಚನಿಂದ ಆರಂಭಿಸಿ ಬೋವಜ, ಓಬೇದ, ಇಷಯರ ಮೂಲಕ ದಾವೀದನವರೆಗೆ ಹತ್ತು ಹೆಸರುಗಳನ್ನು ಹೇಳಿ, ಬೇರೊಂದು ಮಾತನ್ನೂ ಆಡದೆ ನಿಂತುಬಿಡುತ್ತದೆ. ರೂತಳ ಮರಿಮಗನು ಇಸ್ರಾಯೇಲಿನ ಅರಸು. ಈ ಗ್ರಂಥದ ಕಾಲದ ವಿಷಯದಲ್ಲಿ ಪಂಡಿತರಿಗೆ ಏಕಾಭಿಪ್ರಾಯವಿಲ್ಲವಾದುದರಿಂದ ಇದನ್ನು ಎಜ್ರ ನೆಹೆಮೀಯರ ನೀತಿಗೆ ಪ್ರತಿವಾದವಾಗಿಯೇ ಬರೆದರೆಂದು ಸಾಧಿಸಲಾಗದು. ಎರಡೂ ಒಂದೇ ಧರ್ಮಗ್ರಂಥದಲ್ಲಿ ಸೇರಿ ಉಳಿದುವೆಂಬುದು ಮಾತ್ರ ನಿರ್ವಿವಾದ.

ಮತ್ತಾಯನ ಪಟ್ಟಿಯನ್ನು ಈ ಹಿನ್ನೆಲೆಯಲ್ಲಿ ಓದತಕ್ಕದ್ದು. ಅಬ್ರಹಾಮನಿಂದ ದಾವೀದನವರೆಗೆ, ದಾವೀದನಿಂದ ಬಾಬೆಲಿನ ಸೆರೆಯವರೆಗೆ, ಸೆರೆಯಿಂದ ಕ್ರಿಸ್ತನವರೆಗೆ ಹದಿನಾಲ್ಕು ಹದಿನಾಲ್ಕು ತಲೆಗಳೆಂದು ಅವನು ತಾನೇ ಲೆಕ್ಕ ಹೇಳುತ್ತಾನೆ. ಹೀಬ್ರೂ ಅಕ್ಷರಗಳಿಗೆ ಸಂಖ್ಯಾಮೌಲ್ಯವಿರುವುದರಿಂದ ದಾವೀದನ ಹೆಸರಿನ ಮೂರು ಅಕ್ಷರಗಳು ನಾಲ್ಕು, ಆರು, ನಾಲ್ಕು ಎಂದು ಕೂಡಿ ಹದಿನಾಲ್ಕಾಗುತ್ತವೆ. ನಮ್ಮಲ್ಲಿ ಕಟಪಯಾದಿ ಬಲ್ಲವರಿಗೆ ಈ ರೀತಿಯು ಅಪರಿಚಿತವಾಗಿ ತೋರದು. ಆದರೆ ಈ ಲೆಕ್ಕವನ್ನು ಕೂಡಿಸುವುದಕ್ಕಾಗಿ ಯೋರಾಮ ಮತ್ತು ಉಜ್ಜೀಯರ ನಡುವೆ ಅಹಜ್ಯ, ಯೆಹೋವಾಷ, ಅಮಚ್ಯರೆಂಬ ಮೂವರು ಅರಸುಗಳು ಬಿಟ್ಟುಹೋಗಿದ್ದಾರೆ. ಮುಂದೆ ಯೆಹೋಯಾಕೀಮನೂ ಇಲ್ಲ. ಇಷ್ಟಾದರೂ ಮೂರನೆಯ ಗುಂಪಿನಲ್ಲಿ ಎಣಿಸಿದರೆ ಸಿಕ್ಕುವುದು ಹದಿಮೂರೇ ಹೊಸ ಹೆಸರುಗಳು! ಆ ಮೂವರು ಅಹಾಬನ ಮನೆತನದ ಅತಲ್ಯಳ ಸಂತತಿಯವರಾದ್ದರಿಂದ ಮೂರು ತಲೆಯವರೆಗೆ ಅವರ ನೆನಪು ಅಳಿಸಲ್ಪಟ್ಟಿತೆಂದು ಜೆರೋಮನು ಸಮಾಧಾನ ಹೇಳಿದನು. ಸಮಾಧಾನವು ಚತುರವಾಗಿದೆ, ಆದರೆ ಯೆಹೋಯಾಕೀಮನ ಲೋಪಕ್ಕೆ ಅದು ಹೊಂದುವುದಿಲ್ಲ.

ಈ ಪಟ್ಟಿಯಲ್ಲಿ ಅರಸುಗಳನ್ನು ಬಿಡುವ ಲೇಖನಿಯೇ ನಾಲ್ವರು ಸ್ತ್ರೀಯರನ್ನು ಸೇರಿಸಿಕೊಂಡಿದೆ. ಸಾರಳು, ರೆಬೆಕ್ಕಳು, ಲೇಯಳು ಎಂಬ ಕುಲಮಾತೆಯರು ಇಲ್ಲಿಲ್ಲ. ಇರುವವರು ಮಾವನಾದ ಯೆಹೂದನಿಂದಲೇ ಮಕ್ಕಳನ್ನು ಪಡೆದ ತಾಮಾರಳು, ಯೆರಿಕೋವಿನ ವೇಶ್ಯೆ ರಾಹಾಬಳು, ಮೋವಾಬಿನ ರೂತಳು, ಮತ್ತು ಬತ್ಷೆಬೆ. ಕಡೆಯವಳ ಹೆಸರನ್ನು ಹೇಳದೆ ‘ಊರೀಯನ ಹೆಂಡತಿ’ ಎಂಬರ್ಥದಲ್ಲಿ ನಿರ್ದೇಶಿಸಿರುವುದನ್ನು ಗಮನಿಸಬೇಕು. ದಾವೀದನು ಕೊಲ್ಲಿಸಿದ ಆ ಹಿತ್ತಿಯ ಸೈನಿಕನ ಹೆಸರು, ದಾವೀದನ ಕೀರ್ತಿಗಾಗಿ ರಚಿಸಿದ ವಂಶಾವಳಿಯಲ್ಲಿಯೇ ಶಾಶ್ವತವಾಗಿ ನಿಂತಿತು. ಪಾಪಿಗಳಿಗಾಗಿ ಬಂದವನು ಪಾಪಿಗಳಿಂದ ಹುಟ್ಟಿದನೆಂಬುದನ್ನು ತೋರಿಸಲು ದೂಷಿತೆಯರನ್ನೇ ಹೆಸರಿಸಿದೆಯೆಂದು ಜೆರೋಮನ ಮತ. ರೂತಳಲ್ಲಿ ಯಾವ ದೂಷಣವಿದೆ? ನಾಲ್ವರೂ ಪರಕೀಯರೆಂಬ ಇನ್ನೊಂದು ವಾದವು ಇದಕ್ಕಿಂತ ಮೇಲಾದರೂ, ಬತ್ಷೆಬೆಯು ಪರಕೀಯಳೆಂದು ಎಲ್ಲಿಯೂ ಹೇಳಿಲ್ಲ. 1977ರಲ್ಲಿ ಪ್ರಕಟವಾದ ಗ್ರಂಥದಲ್ಲಿ ರೇಮಂಡ್ ಬ್ರೌನ್ ಎಂಬ ವಿದ್ವಾಂಸರು ಇವರೆಲ್ಲರ ದಾಂಪತ್ಯದಲ್ಲಿಯೂ ಲೋಕರೂಢಿಗೆ ಹೊರತಾದ ಏನೋ ಒಂದಿದ್ದು, ಅದರ ಮೂಲಕವೇ ದೈವಸಂಕಲ್ಪವು ನಡೆಯಿತೆಂಬ ಅರ್ಥವನ್ನು ಎತ್ತಿ ತೋರಿಸಿದರು. ನಮಗೆ ಇದೇ ಹೆಚ್ಚು ಸಂಗತವೆಂದು ತೋರುತ್ತದೆ. ಏಕೆಂದರೆ ಪಟ್ಟಿಯ ವ್ಯಾಕರಣವೇ ಇದಕ್ಕೆ ಸಾಕ್ಷಿ: ಒಬ್ಬನು ಇನ್ನೊಬ್ಬನನ್ನು ಪಡೆದನೆಂದು ಒಂದೇ ಕರ್ತರಿಪ್ರಯೋಗದಲ್ಲಿ ಸಾಗಿಬಂದ ವಾಕ್ಯಗಳು ಯೋಸೇಫನ ಬಳಿಗೆ ಬಂದೊಡನೆ ಮುರಿದು, ಮರಿಯಳಲ್ಲಿ ಯೇಸು ಹುಟ್ಟಿದನೆಂದು ಕರ್ಮಣಿಗೆ ತಿರುಗುತ್ತವೆ. ನಾಲ್ವರು ತಾಯಂದಿರು ಐದನೆಯವಳಿಗೆ ದಾರಿಮಾಡಿದ್ದಾರೆ.

ಪಟ್ಟಿಯು ಚರಿತ್ರೆಯಾಗಿ ಕುಂಟಿದರೂ ತತ್ತ್ವವಾಗಿ ನಿಲ್ಲಬಹುದೇ ಎಂಬ ಸಂದೇಹವು ಹೊಸದಲ್ಲ. ಮತ್ತಾಯನು ಯೋಸೇಫನ ತಂದೆ ಯಾಕೋಬನೆಂದರೆ ಲೂಕನು ಹೇಲಿಯೆನ್ನುತ್ತಾನೆ. ಒಬ್ಬನು ಸೊಲೊಮೋನನ ಕವಲನ್ನೂ ಇನ್ನೊಬ್ಬನು ನಾತಾನನ ಕವಲನ್ನೂ ಹಿಡಿಯುತ್ತಾನೆ. ಕ್ರಿಸ್ತನು ಅರಸನೂ ಯಾಜಕನೂ ಹೌದೆಂಬುದನ್ನು ಸೂಚಿಸಲು ಹೆಸರುಗಳನ್ನು ಹಾಗೆ ಹೊಂದಿಸಿದರೆಂದು ಕೆಲವರು ಹೇಳುತ್ತಿದ್ದರು. ಮೂರನೆಯ ಶತಮಾನದ ಜೂಲಿಯಸ್ ಆಫ್ರಿಕಾನಸನು ಅರಿಸ್ತೀದೆಸನಿಗೆ ಬರೆದ ಪತ್ರದಲ್ಲಿ ಇದನ್ನು ಕಟುವಾಗಿ ಖಂಡಿಸಿದನು. ಕ್ರಿಸ್ತನ ಸ್ತುತಿಗಾಗಿ ಸುಳ್ಳನ್ನು ಕಲ್ಪಿಸುವುದು ಅವನಿಗೆ ಸಮ್ಮತವಾಗಲಿಲ್ಲ. ಯಾಕೋಬ ಮತ್ತು ಹೇಲಿ ಏಕೋದರರು. ಹೇಲಿಯು ಮಕ್ಕಳಿಲ್ಲದೆ ಸಾಯಲು ಯಾಕೋಬನು ಅವನ ವಿಧವೆಯಲ್ಲಿ ಯೋಸೇಫನನ್ನು ಪಡೆದನು. ಹೀಗೆ ಒಬ್ಬನು ಜನಕ, ಇನ್ನೊಬ್ಬನು ಶಾಸ್ತ್ರೋಕ್ತ ಪಿತೃ ಎಂಬುದು ಅವನ ಪರಿಹಾರ. ನಮ್ಮ ನಿಯೋಗಧರ್ಮದ ಕ್ಷೇತ್ರಜಪುತ್ರನನ್ನು ಬಲ್ಲವರಿಗೆ ಇದು ವಿವರಣೆಯನ್ನು ಅಪೇಕ್ಷಿಸದು. ಇದಕ್ಕಿಂತ ಒಳ್ಳೆಯ ಪರಿಹಾರವು ದೊರೆಯುವವರೆಗೆ, ಸಾಕ್ಷ್ಯವಿಲ್ಲದಿದ್ದರೂ, ಇದನ್ನು ಒಪ್ಪಬಹುದೆಂದು ಅವನೇ ಬರೆದಿರುವುದು ಅವನ ಪ್ರಾಮಾಣಿಕತೆಗೆ ಭೂಷಣ. ತಾತಿಯಾನನು ಇದಕ್ಕೆ ಮುಂಚೆಯೇ ಬೇರೆ ದಾರಿಯನ್ನು ಹಿಡಿದಿದ್ದನು: ನಾಲ್ಕು ಸುವಾರ್ತೆಗಳನ್ನು ಒಂದಾಗಿ ಹೆಣೆಯುವಾಗ ಎರಡು ವಂಶಾವಳಿಗಳನ್ನೂ ಕತ್ತರಿಸಿ ಹಾಕಿದನು.

ಲೂಕನ ಪಟ್ಟಿಯು ಕೆಳಗಿನಿಂದ ಮೇಲಕ್ಕೆ ಏರಿ, ಅಬ್ರಹಾಮನನ್ನು ದಾಟಿ, ಆದಾಮನನ್ನೂ ದೇವರನ್ನೂ ಮುಟ್ಟುತ್ತದೆ. ಇಲ್ಲಿ ಕುಲದ ಬೇಲಿಯೇ ಇಲ್ಲ. ಎಲ್ಲ ಮನುಷ್ಯರೂ ಒಳಗಿನವರು. ಎರಡನೆಯ ಶತಮಾನದ ಇರಿನೇಯಸನು ಇದರಲ್ಲಿ 72 ತಲೆಗಳನ್ನೆಣಿಸಿ, ಚದುರಿದ ಸಕಲ ಜನಾಂಗಗಳನ್ನೂ ಭಾಷೆಗಳನ್ನೂ ಕ್ರಿಸ್ತನು ತನ್ನಲ್ಲಿ ಕೂಡಿಸಿಕೊಂಡನೆಂದು ಅರ್ಥಮಾಡಿದನು. ಆಗಸ್ಟೀನನು ಅದೇ ಪಟ್ಟಿಯಲ್ಲಿ 77ನ್ನೆಣಿಸಿ ಸರ್ವಪಾಪಕ್ಷಮೆಯ ಸಂಕೇತವನ್ನು ಕಂಡನು. ಹಸ್ತಪ್ರತಿಗಳಲ್ಲಿ ಹೆಸರುಗಳು ಹೆಚ್ಚುಕಡಮೆಯಾಗಿರುವುದರಿಂದ ಸಂಖ್ಯೆಯನ್ನು ನೆಚ್ಚಿದ ಈ ಇಬ್ಬರ ಅರ್ಥಗಳೂ ಹಸ್ತಪ್ರತಿಯೊಡನೆ ಅಲುಗುತ್ತವೆ. ಆದಾಮನವರೆಗೆ ಏರುವ ಪಟ್ಟಿಯ ನಡೆ ಮಾತ್ರ ಸಂಖ್ಯೆಯನ್ನು ನೆಚ್ಚಿಲ್ಲ.