ಮೋಟಾರು ಚಕ್ರದ ಮೇಲಣ ಬರೆಹ

1

ಶಾಸನವೊಂದನ್ನು ಕೈಗೆತ್ತಿಕೊಂಡ ವಿದ್ವಾಂಸರು ಮೊದಲು ಕೇಳುವ ಪ್ರಶ್ನೆಯೊಂದುಂಟು: ಇದು ಒಂದೇ ಕಾಲದಲ್ಲಿ ಒಂದೇ ಕೈಯಿಂದ ಹೊರಟ ಬರೆಹವೋ, ಅಥವಾ ಮೊದಲಿನವರು ಬರೆದುದಕ್ಕೆ ಬಳಿಕ ಬಂದವರು ಸೇರಿಸುತ್ತ ಹೋದುದೋ? ಹಳೆಯ ಕಾವ್ಯಗಳ ಪಾಠವನ್ನು ಪರಿಶೋಧಿಸುವವರಿಗೂ ಈ ಪ್ರಶ್ನೆ ಪರಿಚಿತವೇ ಆಗಿದೆ. ಇದೇ ಪ್ರಶ್ನೆಯನ್ನು ಕಲ್ಲು, ತಾಮ್ರ, ಓಲೆಗಳ ವಿಷಯದಲ್ಲಲ್ಲದೆ ರಬ್ಬರಿನ ವಿಷಯದಲ್ಲಿ ಕೇಳಿ ನೋಡುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಇಂದಿನ ಕಾರೊಂದರ ಟೈರಿನ ಪಕ್ಕೆಯನ್ನು ನೋಡಿದರೆ ಅಲ್ಲಿ ಉಬ್ಬಕ್ಷರಗಳಲ್ಲಿ ಇಂಥದೊಂದು ಸಾಲು ಕಾಣುವುದು: 185/65 ಆರ್ 15 88 ಎಚ್. ಇದರ ಅರ್ಥವು ಹೀಗೆ. 185 ಎಂಬುದು ಟೈರಿನ ಅಗಲ, ಇದು ಮಿಲಿಮೀಟರುಗಳಲ್ಲಿದೆ. 65 ಎಂಬುದು ಪಕ್ಕೆಯ ಎತ್ತರವು ಆ ಅಗಲದಲ್ಲಿ ನೂರಕ್ಕೆ ಎಷ್ಟು ಎಂಬುದನ್ನು ತಿಳಿಸುತ್ತದೆ. ಆರ್ ಎಂಬ ಅಕ್ಷರವು ಟೈರಿನೊಳಗಣ ಎಳೆಗಳ ಹೆಣಿಗೆಯ ಕ್ರಮವನ್ನು ಸೂಚಿಸುವುದು. 15 ಎಂಬುದು ಟೈರು ಕೂರುವ ರಿಮ್ಮಿನ ವ್ಯಾಸ, ಇದು ಅಂಗುಲಗಳಲ್ಲಿದೆ. 88 ಎಂಬ ಸಂಕೇತವು ಒಂದು ಟೈರು ಹೊರಬಲ್ಲ ಭಾರವನ್ನೂ, ಎಂದರೆ 560 ಕಿಲೋಗ್ರಾಂಗಳನ್ನೂ, ಎಚ್ ಎಂಬುದು ಗಂಟೆಗೆ 210 ಕಿಲೋಮೀಟರುಗಳ ವೇಗದ ಮಿತಿಯನ್ನೂ ಹೇಳುತ್ತವೆ.

ಒಂದೇ ಸಾಲಿನಲ್ಲಿ ಮಿಲಿಮೀಟರೂ ಅಂಗುಲವೂ ಕೂಡಿ ಬಂದಿರುವುದನ್ನು ವಾಚಕರು ಗಮನಿಸಿರಬಹುದು. ಯಾವ ಒಬ್ಬ ಶಿಲ್ಪಿಯೂ ತಾನಾಗಿ ಕುಳಿತು ಇಂಥ ಮಿಶ್ರಣವನ್ನು ಮಾಡಲಾರನು. ಈ ಸಾಲು ಹಲವು ಕಾಲಗಳ, ಹಲವು ದೇಶಗಳ ಪದರಗಳಿಂದ ಕೂಡಿದುದು. ಇದರ ಒಂದೊಂದು ಅಂಕೆಯೂ ಬಂಡಿಯು ಚಾಲಕನ ಕೈಗೆ ವಿಧೇಯವಾಗಿ ನಡೆಯಬೇಕೆಂಬ ಪ್ರಯತ್ನದಲ್ಲಿ ಎದುರಾದ ಒಂದೊಂದು ತೊಡಕಿನ ಗುರುತಾಗಿದೆ. ಕಾರಿನ ನಡೆಯನ್ನು ಉತ್ತಮಪಡಿಸಬೇಕೆಂದು ಚಕ್ರ ಟೈರುಗಳನ್ನು ಬದಲಾಯಿಸುವವರು ಈಗ ಬಹುಮಂದಿ ಇದ್ದಾರೆ. ಈ ಚರಿತ್ರೆಯನ್ನು ಅರಿಯದೆ ಅಂಕೆಗಳನ್ನು ಬದಲಾಯಿಸಿದವನಿಗೆ ಲಾಭಕ್ಕೆ ಬದಲು ಅಪಾಯವೇ ದೊರೆಯಬಹುದು.

2

ಗಾಳಿ ತುಂಬಿದ ಟೈರನ್ನು ಮೊದಲು ಕಲ್ಪಿಸಿದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್. ಅವನು 1845ರಲ್ಲಿ ಇದರ ಹಕ್ಕುಪತ್ರವನ್ನು ಪಡೆದಾಗ ಅವನ ವಯಸ್ಸು ಕೇವಲ 23. ಆದರೆ ಆಗ ಇದ್ದುದು ಕುದುರೆಗಾಡಿ. ಅದರ ಮಂದಗತಿಗೆ ಕಬ್ಬಿಣದ ಪಟ್ಟಿಯೇ ಸಾಕಾಗಿದ್ದುದರಿಂದ ಅವನ ಕಲ್ಪನೆಯು ಮರೆತುಹೋಯಿತು. 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯನಾದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದೇ ಉಪಾಯವನ್ನು ಸ್ವತಂತ್ರವಾಗಿ ಕಂಡುಹಿಡಿದನು. ಥಾಮ್ಸನ್ನನ ಹಕ್ಕುಪತ್ರವು ಮೊದಲೇ ಇದ್ದುದರಿಂದ ಡನ್‌ಲಪ್ಪನ ಹಕ್ಕು ಬಳಿಕ ನಿಲ್ಲಲಿಲ್ಲ. ಹೆಸರು ಮಾತ್ರ ಅವನದೇ ನಿಂತಿತು. 1895ರ ಪ್ಯಾರಿಸ್–ಬೋರ್ದೋ–ಪ್ಯಾರಿಸ್ ಪಂದ್ಯದಲ್ಲಿ ಮಿಶಲಿನ್ ಸಹೋದರರು ಗಾಳಿಟೈರುಗಳ ಮೋಟಾರು ಬಂಡಿಯನ್ನು ತಾವೇ ನಡೆಸಿದರು. ದಾರಿಯುದ್ದಕ್ಕೂ ಟೈರುಗಳು ಮತ್ತೆ ಮತ್ತೆ ತೂತಾಗಿ, ಗೊತ್ತಾದ ಅವಧಿ ಕಳೆದ ಮೇಲೆ ಅವರು ಗುರಿಯನ್ನು ಸೇರಿದರು. ಪಂದ್ಯದಲ್ಲಿ ಸೋತರೂ ಮೋಟಾರಿಗೆ ಗಾಳಿಟೈರು ಒಗ್ಗುವುದೆಂಬುದನ್ನು ಅವರು ತೋರಿಸಿದಂತಾಯಿತು.

ಈ ಮೊದಲ ಕಾಲದಲ್ಲಿ ಅಳತೆಯನ್ನು ಬರೆಯುತ್ತಿದ್ದ ಕ್ರಮವು ಇಂದಿನದಕ್ಕಿಂತ ಬೇರೆಯಾಗಿದ್ದಿತು. 1908ರಲ್ಲಿ ಹೊರಬಂದ ಫೋರ್ಡ್ ಟಿ ಮಾದರಿಯ ಹಿಂದಿನ ಟೈರುಗಳಿಗೆ 30 × 3½ ಎಂಬ ಅಳತೆ ಇದ್ದಿತು. 30 ಎಂಬುದು ಟೈರೂ ಸೇರಿದ ಇಡೀ ಚಕ್ರದ ವ್ಯಾಸ, 3½ ಎಂಬುದು ಟೈರಿನ ದಪ್ಪ, ಎರಡೂ ಅಂಗುಲಗಳಲ್ಲಿ. ರಿಮ್ಮಿನ ವ್ಯಾಸವು ಬರೆಹದಲ್ಲಿಲ್ಲ. ಅದನ್ನು ತಿಳಿಯಬೇಕಾದರೆ ಮೂವತ್ತರಿಂದ ಏಳನ್ನು ಕಳೆದು 23 ಎಂದು ಲೆಕ್ಕ ಹಾಕಬೇಕಾಗಿದ್ದಿತು. ಈ ಕ್ರಮವು ಗಾಡಿಯ ಕಾಲದಿಂದ ಬಂದುದು. ಹಳ್ಳಕೊಳ್ಳಗಳ ದಾರಿಯಲ್ಲಿ ಬಂಡಿ ನಡೆಸುವವನಿಗೆ ಗಾಲಿ ಎಷ್ಟು ಎತ್ತರ ಎಂಬುದೇ ಮುಖ್ಯವಾದ ಸಂಗತಿ. ದೊಡ್ಡ ಗಾಲಿ ಸಣ್ಣ ಹಳ್ಳಕ್ಕೆ ಬೀಳದು. ಟೈರು ಇನ್ನೂ ಗಾಲಿಗೆ ತೊಡಿಸಿದ ಬಳೆಯಂತಿದ್ದಿತು. ಅದು ಕಿರಿದಾಗಿಯೂ, ಚದರ ಅಂಗುಲಕ್ಕೆ ಸುಮಾರು 60 ಪೌಂಡುಗಳಷ್ಟು ಗಾಳಿಯ ಒತ್ತಡದಿಂದ ಬಿಗಿಯಾಗಿಯೂ ಇರುತ್ತಿದ್ದಿತು.

3

1923ರ ಸುಮಾರಿಗೆ ಅಮೆರಿಕದಲ್ಲಿ ಫೈರ್‌ಸ್ಟೋನ್ ಕಂಪನಿಯವರೂ ಫ್ರಾನ್ಸಿನಲ್ಲಿ ಮಿಶಲಿನ್ ಕಂಪನಿಯವರೂ ದಪ್ಪನಾದ, ಕಡಮೆ ಒತ್ತಡದ ಟೈರುಗಳನ್ನು ಹೊರತಂದರು. ಬುರುಡೆಯಂತೆ ಉಬ್ಬಿದ್ದುದರಿಂದ ಇವಕ್ಕೆ ಬಲೂನು ಟೈರುಗಳೆಂದು ಹೆಸರಾಯಿತು. ಒತ್ತಡವು ಸುಮಾರು ಅರ್ಧಕ್ಕೆ ಇಳಿಯಿತು, ಕುಲುಕಾಟ ತಗ್ಗಿತು. ಬರೆಹವೂ ಆಗಲೇ ಬದಲಾಗತೊಡಗಿತು. ಫೋರ್ಡ್ ಟಿ ಮಾದರಿಗೆ ಕೊನೆಯ ವರ್ಷಗಳಲ್ಲಿ ಬಂದ ಬಲೂನು ಟೈರಿನ ಅಳತೆ 4.40–21. ಇದರಲ್ಲಿ ದಪ್ಪವು ಮೊದಲು ಬಂದಿದೆ, ರಿಮ್ಮಿನ ವ್ಯಾಸವು ಬಳಿಕ ಬಂದಿದೆ. ಇಡೀ ಚಕ್ರದ ವ್ಯಾಸವು ಬರೆಹದಿಂದಲೇ ಮರೆಯಾಗಿದೆ. ಇಂದಿನ ಸಾಲಿನ ಕೊನೆಯಲ್ಲಿರುವ 15 ಅಂಗುಲವು ಈ ಪದರಕ್ಕೆ ಸೇರಿದುದು.

ಮೆತ್ತನೆಯ ಟೈರುಗಳಿಂದ ಒಂದು ಹೊಸ ತೊಂದರೆಯೂ ಹುಟ್ಟಿತು. ವೇಗ ಹೆಚ್ಚಿದಾಗ ಮುಂದಿನ ಚಕ್ರಗಳು ಎಡಬಲಗಳಿಗೆ ಅದುರತೊಡಗಿದುವು. ಚಾಲಕನ ಕೈಯಲ್ಲಿದ್ದ ಸ್ಟೀರಿಂಗು ಹಿಡಿತಕ್ಕೆ ನಿಲ್ಲದಾಯಿತು. ಇದರ ಕಾರಣವನ್ನು ಶೋಧಿಸಿದವರಲ್ಲಿ ಫ್ರಾನ್ಸಿನ ಎಂಜಿನಿಯರ್ ಜಾರ್ಜ್ ಬ್ರೂಲಿಯೇ ಪ್ರಮುಖನು. 1925ರಲ್ಲಿ ಅವನು ಪ್ರತಿಪಾದಿಸಿದ ತತ್ತ್ವವೇ ಇಂದಿನ ಚಾಲನಶಾಸ್ತ್ರಕ್ಕೆಲ್ಲ ತಳಹದಿಯಾಗಿರುವುದರಿಂದ ಅದನ್ನು ಸ್ವಲ್ಪ ವಿವರಿಸುವುದು ಅವಶ್ಯವಾಗಿದೆ.

ಅಡ್ಡಗಾಳಿಯಲ್ಲಿ ಹೊಳೆ ದಾಟುವ ದೋಣಿಯನ್ನು ನೆನೆಯಬಹುದು. ಅದರ ಮೂತಿ ಒಂದು ಕಡೆಗಿರುತ್ತದೆ, ಅದು ಸಾಗುವುದು ಸ್ವಲ್ಪ ಇನ್ನೊಂದು ಕಡೆಗೆ. ತಿರುವಿನಲ್ಲಿ ಉರುಳುವ ಟೈರಿನ ಸ್ಥಿತಿಯೂ ಇದೇ. ಪಕ್ಕದಿಂದ ಬಲ ಬಿದ್ದಾಗ ಅದರ ನೆಲ ತಾಗುವ ಭಾಗವು—ಇದನ್ನು ಟೈರಿನ ಪಾದವೆಂದು ಕರೆಯೋಣ—ಎಳೆಯಲ್ಪಟ್ಟು ಸೊಟ್ಟಗಾಗುತ್ತದೆ. ಚಕ್ರವು ತಾನು ಮುಖ ಮಾಡಿರುವ ದಿಕ್ಕಿಗಿಂತ ಸ್ವಲ್ಪ ಓರೆಯಾಗಿ ಉರುಳುತ್ತದೆ. ಈ ಓರೆಯನ್ನು ಓಸರದ ಕೋನವೆನ್ನಬಹುದು. ಇದು ಜಾರುವುದಲ್ಲ, ಈ ಓಸರವಿಲ್ಲದೆ ಟೈರಿಗೆ ಪಕ್ಕದ ಹಿಡಿತವೇ ಹುಟ್ಟಲಾರದು. ಮುಂದಿನ ಟೈರುಗಳ ಓಸರವು ಹಿಂದಿನವುಗಳ ಓಸರಕ್ಕಿಂತ ಹೆಚ್ಚಾದರೆ ಬಂಡಿಯು ಚಾಲಕನು ಬಯಸಿದುದಕ್ಕಿಂತ ಕಡಮೆ ತಿರುಗುವುದು. ಹಿಂದಿನವುಗಳದು ಹೆಚ್ಚಾದರೆ ಬೇಕಾದುದಕ್ಕಿಂತ ಹೆಚ್ಚಾಗಿ ತಿರುಗಿ, ಬಾಲವು ಹೊರಕ್ಕೆ ಬೀಸುವುದು. ಮೊದಲನೆಯದನ್ನು ಸಾಧಾರಣ ಚಾಲಕನು ಸ್ಟೀರಿಂಗನ್ನು ಇನ್ನಷ್ಟು ತಿರುಗಿಸಿ ಸರಿಪಡಿಸಬಲ್ಲನು. ಎರಡನೆಯದು ಅವನ ಕೈ ಮೀರಿಹೋಗುವುದು. 1930ರ ದಶಕದಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯಲ್ಲಿದ್ದ ಇಂಗ್ಲೆಂಡಿನ ಎಂಜಿನಿಯರ್ ಮಾರಿಸ್ ಆಲಿ ಈ ವಿಚಾರವನ್ನು ಕಾರುಗಳ ರಚನೆಗೆ ಅಳವಡಿಸಿದನು. ಬಂಡಿಯ ವಿಧೇಯತೆಗೆ ಟೈರಿನ ಗುಣವು ಮಾತ್ರವಲ್ಲದೆ ಮುಂದಣ ಹಿಂದಣ ಟೈರುಗಳ ನಡುವಣ ಸಂಬಂಧವೂ ಕಾರಣವೆಂಬುದು ಹೀಗೆ ಸ್ಥಿರವಾಯಿತು.

4

ಆರ್ ಎಂಬ ಅಕ್ಷರದ ಕಥೆಯು ಈ ಓಸರಕ್ಕೆ ನೇರವಾಗಿ ಸಂಬಂಧಿಸಿದೆ. ಹಿಂದಿನ ಟೈರುಗಳಲ್ಲಿ ನೂಲಿನ ಎಳೆಗಳು ಒಂದನ್ನೊಂದು ಓರೆಯಾಗಿ ಕತ್ತರಿಸುತ್ತ ಇಡೀ ಟೈರನ್ನು ಸುತ್ತುತ್ತಿದ್ದುವು. ಪಕ್ಕೆ ಬಾಗಿದರೆ ಪಾದವೂ ಅದರೊಡನೆ ಕದಲುತ್ತಿದ್ದಿತು. ಮಿಶಲಿನ್ ಕಂಪನಿಯ ಮಾರಿಯುಸ್ ಮಿನ್ಯೋಲ್ ಎಂಬವನ ಕಲ್ಪನೆಯಂತೆ 1946ರಲ್ಲಿ ಹಕ್ಕು ಪಡೆದ ಹೊಸ ಟೈರಿನಲ್ಲಿ ಎಳೆಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ, ಬಂಡಿಯ ಗಾಲಿಯ ಅರೆಗಳಂತೆ ಹಾಯುವುವು. ಅವುಗಳ ಮೇಲೆ, ನೆಲ ತಾಗುವ ಮೈಯ ಕೆಳಗೆ ಉಕ್ಕಿನ ತಂತಿಯ ಪಟ್ಟಿ ಇರುವುದು. ಪಕ್ಕೆ ಬಾಗಿದರೂ ಪಾದವು ನೆಲದ ಮೇಲೆ ಚಪ್ಪಟೆಯಾಗಿ ಕುಳಿತಿರುವುದರಿಂದ ಅದೇ ಓಸರಕ್ಕೆ ಹೆಚ್ಚು ಹಿಡಿತ ದೊರೆಯಿತು. ಎಳೆಗಳನ್ನು ಹೀಗೆ ಹೂಡುವ ವಿಚಾರವು 1913ರಲ್ಲಿ ಇಂಗ್ಲೆಂಡಿನ ಗ್ರೇ ಮತ್ತು ಸ್ಲೋಪರ್ ಎಂಬವರ ಹಕ್ಕುಪತ್ರದಲ್ಲಿ ಆಗಲೇ ಇದ್ದರೂ ಬಳಕೆಗೆ ಬಂದಿರಲಿಲ್ಲ. ಥಾಮ್ಸನ್ ಮತ್ತು ಡನ್‌ಲಪ್ಪರ ಕಥೆಯೇ ಇಲ್ಲಿ ಮರುಕಳಿಸಿದಂತೆ ತೋರುತ್ತದೆ.

1949ರಲ್ಲಿ ಮಾರಾಟಕ್ಕೆ ಬಂದ ಈ ಟೈರಿನ ಮೊದಲ ಅಳತೆ 165–400. ಇದರಲ್ಲಿ ಅಗಲವೂ ರಿಮ್ಮಿನ ವ್ಯಾಸವೂ ಮಿಲಿಮೀಟರುಗಳಲ್ಲಿಯೇ ಇವೆ. ಆದರೆ ರಿಮ್ಮುಗಳನ್ನು ಅಂಗುಲದಲ್ಲಿ ಮಾಡುವ ರೂಢಿಯು ಲೋಕದಲ್ಲಿ ಆಗಲೇ ಬೇರೂರಿದ್ದಿತು. 1970ರ ದಶಕದಲ್ಲಿ ಅದೇ ಕಂಪನಿಯವರು ಮಿಲಿಮೀಟರಿನ ರಿಮ್ಮುಗಳನ್ನು ಮತ್ತೊಮ್ಮೆ ಪ್ರಚಾರಕ್ಕೆ ತಂದರೂ ಅವು ನೆಲೆಗೊಳ್ಳಲಿಲ್ಲ. ಅಗಲವು ಮಿಲಿಮೀಟರಿಗೆ ಒಲಿಯಿತು, ರಿಮ್ಮು ಅಂಗುಲವನ್ನು ಬಿಡಲಿಲ್ಲ. ಒಂದೇ ಸಾಲಿನಲ್ಲಿ ಎರಡು ಮಾನಗಳು ಕೂಡಿರುವುದಕ್ಕೆ ಇದೇ ಕಾರಣವು.

ಎರಡು ವಿಧದ ಟೈರುಗಳೂ ಬಳಕೆಯಲ್ಲಿದ್ದ ವರ್ಷಗಳಲ್ಲಿ ಒಂದು ಕಟ್ಟೆಚ್ಚರಿಕೆ ಎಲ್ಲೆಡೆಯೂ ಹೇಳಲ್ಪಡುತ್ತಿದ್ದಿತು: ಹೊಸ ಬಗೆಯನ್ನು ಮುಂದಕ್ಕೂ ಹಳೆಯ ಬಗೆಯನ್ನು ಹಿಂದಕ್ಕೂ ಎಂದಿಗೂ ಹಾಕಬಾರದು. ಹಾಗೆ ಮಾಡಿದರೆ ಹಿಂದಿನ ಓಸರವು ಹೆಚ್ಚಾಗಿ ಬಾಲ ಬೀಸುವುದೆಂಬುದನ್ನು ಮೇಲಿನ ವಿವರಣೆಯಿಂದ ವಾಚಕರೇ ಊಹಿಸಬಲ್ಲರು. ಸವೆದ ಟೈರುಗಳನ್ನು ಹಿಂದಕ್ಕೆ ತಳ್ಳಿ ಹೊಸವನ್ನು ಮುಂದಕ್ಕೆ ಹಾಕುವ ಇಂದಿನ ಅಭ್ಯಾಸದಲ್ಲಿಯೂ, ವಿಶೇಷವಾಗಿ ಮಳೆಗಾಲದಲ್ಲಿ, ಅದೇ ಅಪಾಯವು ಅಡಗಿದೆ.

5

ಉಳಿದುದು 65 ಎಂಬ ಅಂಕೆ. ಅಳತೆಯ ಅಂಕೆಗಳಲ್ಲಿ ಇದು ಎಲ್ಲಕ್ಕಿಂತ ಕಿರಿಯದು. ಮೊದಲಲ್ಲಿ ಟೈರಿನ ಎತ್ತರವೂ ಅಗಲವೂ ಹೆಚ್ಚುಕಡಮೆ ಸಮನಾಗಿದ್ದುದರಿಂದ ಇದನ್ನು ಬರೆಯುವ ಅಗತ್ಯವೇ ಇರಲಿಲ್ಲ. ಆಮೇಲೆ ಎತ್ತರವು ನೂರಕ್ಕೆ ಎಂಬತ್ತರ ಸಮೀಪಕ್ಕೆ ಇಳಿಯಿತು. 1960ರ ದಶಕದಲ್ಲಿ ಎಪ್ಪತ್ತಕ್ಕೂ, 1970ರ ದಶಕದಲ್ಲಿ ಇಟಲಿಯ ಪಿರೆಲ್ಲಿ ಕಂಪನಿಯವರ ಪಿ7 ಮೊದಲಾದ ಟೈರುಗಳಲ್ಲಿ ಐವತ್ತಕ್ಕೂ ಬಂದಿತು. ಕುಳ್ಳಾದ ಪಕ್ಕೆಯು ಕಡಮೆ ಬಾಗುವುದರಿಂದ ಸ್ಟೀರಿಂಗಿನ ಆಜ್ಞೆಯು ಬೇಗನೆ ನೆಲವನ್ನು ಮುಟ್ಟುತ್ತದೆ. ಹೊರಗಿನ ವ್ಯಾಸವನ್ನು ಬದಲಿಸದೆಯೇ ರಿಮ್ಮನ್ನು ಹಿಗ್ಗಿಸಬಹುದಾದುದರಿಂದ ಅದರೊಳಗೆ ದೊಡ್ಡ ಬ್ರೇಕಿಗೂ ಸ್ಥಳ ದೊರೆಯಿತು.

ಇಲ್ಲಿಯೇ ಆಯ್ಕೆಯ ಲೆಕ್ಕವು ಹುಟ್ಟುವುದು. 185/65 ಆರ್ 15ರಲ್ಲಿ ಪಕ್ಕೆಯ ಎತ್ತರ ಸುಮಾರು 120 ಮಿಲಿಮೀಟರು, ರಿಮ್ಮು 381, ಮೇಲೆ ಕೆಳಗೆ ಎರಡು ಪಕ್ಕೆಗಳೂ ಸೇರಿ ಇಡೀ ವ್ಯಾಸವು ಸುಮಾರು 621. ಇದಕ್ಕೆ ಬದಲು 195/55 ಆರ್ 16ನ್ನು ಆರಿಸಿದರೆ ವ್ಯಾಸವು ಮತ್ತೆ ಸುಮಾರು 621 ಆಗುವುದು. 205/45 ಆರ್ 17 ಆದರೆ 616. ಮೂರೂ ಒಂದಕ್ಕೊಂದು ಹೊಂದುವುವು. ಆದರೆ ರಿಮ್ಮನ್ನು ಬದಲಿಸದೆ ಅಗಲವನ್ನು ಮಾತ್ರ ಹೆಚ್ಚಿಸಿ 205/65 ಆರ್ 15ನ್ನು ಹಾಕಿದರೆ ವ್ಯಾಸವು ಸುಮಾರು 647ಕ್ಕೆ ಏರುತ್ತದೆ. ವೇಗಮಾಪಕವು ನೂರು ಎಂದು ತೋರುವಾಗ ಬಂಡಿಯು 104ರ ವೇಗದಲ್ಲಿ ಓಡುತ್ತಿರುವುದು. ತಿರುವಿನಲ್ಲಿ ಟೈರು ಮಡ್‌ಗಾರ್ಡನ್ನು ಉಜ್ಜಲೂಬಹುದು. 1908ರಲ್ಲಿ ಬರೆಹದ ಮೊದಲಿನಲ್ಲಿದ್ದು ಆಮೇಲೆ ಅಳಿಸಿಹೋದ ಇಡೀ ಚಕ್ರದ ವ್ಯಾಸವೇ ಇಂದು ಆಯ್ಕೆ ಮಾಡುವವನು ಮೊದಲು ಲೆಕ್ಕ ಹಾಕಬೇಕಾದ ಅಂಕೆಯಾಗಿದೆ.

ವ್ಯಾಸವು ಸರಿಯಾದರೂ ಎಲ್ಲವೂ ಸರಿಯಾದಂತಲ್ಲ. ಅಗಲವಾದ ಟೈರಿನ ಪಾದವು ಅಗಲವಾಗುವುದಾದರೂ ಭಾರ, ಒತ್ತಡಗಳು ಹಿಂದಿನಂತೆಯೇ ಇದ್ದರೆ ಉದ್ದದಲ್ಲಿ ಕಿರಿದಾಗುವುದು. ತಿರುವಿನಲ್ಲಿ ಇದು ಅನುಕೂಲ. ನಿಂತ ಮಳೆನೀರಿನ ಮೇಲೆ ಟೈರು ತೇಲುವ ಸಂಭವವು ಮಾತ್ರ ಹೆಚ್ಚುವುದು. ದೊಡ್ಡ ರಿಮ್ಮು ಸಾಮಾನ್ಯವಾಗಿ ಭಾರವಾಗಿರುವುದರಿಂದ ಸ್ಪ್ರಿಂಗುಗಳು ಚಕ್ರವನ್ನು ನೆಲಕ್ಕೆ ಒತ್ತಿಹಿಡಿಯುವುದು ಕಷ್ಟವಾಗುವುದು. ಕುಳ್ಳು ಪಕ್ಕೆಯು ಗುಂಡಿಗಳ ಪೆಟ್ಟನ್ನು ರಿಮ್ಮಿಗೇ ದಾಟಿಸುವುದು. ಭಾರದ ಸಂಕೇತವು ಮೊದಲಿನದಕ್ಕಿಂತ ಕಡಮೆಯಾಗಲಂತೂ ಕೂಡದು.

6

ಕೊನೆಯದಾಗಿ, ಅಳತೆಯ ಸಾಲಿನಲ್ಲಿ ಸೇರದಿರುವ ಅಂಕೆಯೊಂದುಂಟು. ಅದು ಆ ಬಂಡಿಗೆ ತಕ್ಕ ಗಾಳಿಯ ಒತ್ತಡ. 1959ರಲ್ಲಿ ಹೊರಬಂದ ಷೆವ್ರೊಲೇ ಕಾರ್ವೇರ್ ಎಂಬ ಕಾರಿಗೆ ಎಂಜಿನ್ನು ಹಿಂದುಗಡೆ ಇದ್ದುದರಿಂದ ಹಿಂದಿನ ಓಸರವನ್ನು ಹತೋಟಿಯಲ್ಲಿಡಲು ಮುಂದೆ 15, ಹಿಂದೆ 26 ಪೌಂಡುಗಳ ಒತ್ತಡವನ್ನು ತಯಾರಕರು ವಿಧಿಸಿದ್ದರು. ನಾಲ್ಕಕ್ಕೂ ಸಮನಾಗಿ ಗಾಳಿ ತುಂಬಿಸುವ ರೂಢಿಯು ಜನರಲ್ಲಿ ಸಾಮಾನ್ಯವಾಗಿದ್ದಿತು. ಆ ರೂಢಿಯಂತೆ ತುಂಬಿದರೆ ಈ ವ್ಯವಸ್ಥೆಯೇ ಕೆಡುವುದು. 1965ರಲ್ಲಿ ರಾಲ್ಫ್ ನೇಡರ್ ತಮ್ಮ ಗ್ರಂಥದ ಮೊದಲ ಅಧ್ಯಾಯದಲ್ಲಿಯೇ ಈ ಕಾರನ್ನು ಕಟುವಾಗಿ ಖಂಡಿಸಿದರು. 1972ರಲ್ಲಿ ಪ್ರಕಟವಾದ ಸರಕಾರದ ಪರಿಶೀಲನೆಯು ಅದು ಸಮಕಾಲೀನವಾದ ಇತರ ಕಾರುಗಳಿಗಿಂತ ಹೆಚ್ಚು ಅಪಾಯಕರವಲ್ಲವೆಂದು ಅಭಿಪ್ರಾಯಪಟ್ಟಿತು. ಈ ವಿವಾದದಲ್ಲಿ ಯಾರ ಪಕ್ಷವನ್ನು ಹಿಡಿದರೂ ಒಂದು ಸಂಗತಿ ನಿರ್ವಿವಾದವಾಗಿದೆ: ಬಂಡಿಯ ನಡತೆಯು ಚಾಲಕನು ಓದದೆ ಬಿಡಬಹುದಾದ ಒಂದು ಅಂಕೆಯನ್ನು ಅವಲಂಬಿಸಿದ್ದಿತು. ಇಂದು ಈ ಅಂಕೆಯನ್ನು ಸಾಮಾನ್ಯವಾಗಿ ಚಾಲಕನ ಬಾಗಿಲ ಬಳಿ ಒಂದು ಚೀಟಿಯಲ್ಲಿ ಅಂಟಿಸಿರುತ್ತಾರೆ.

ಮೇಲ್ಕಂಡ ಪರಿಶೀಲನೆಯಿಂದ ತಿಳಿದುಬರುವುದೇನೆಂದರೆ, ಟೈರಿನ ಸಾಲಿನಲ್ಲಿರುವ ಅಂಕೆಗಳು ಒಂದನ್ನೊಂದು ಆಶ್ರಯಿಸಿ ನಿಂತಿವೆ. ಒಂದನ್ನು ತಿದ್ದಿದವನು ಉಳಿದುವನ್ನೂ ತಿದ್ದಬೇಕಾಗುವುದು. ಪಾಠಾಂತರವನ್ನು ಸ್ವೀಕರಿಸುವ ಸಂಪಾದಕನು ಇಡೀ ಪದ್ಯದ ಅನ್ವಯವನ್ನು ನೋಡದೆ ಒಂದು ಪದವನ್ನು ಬದಲಿಸುವುದಿಲ್ಲ. ಚಕ್ರವನ್ನು ಬದಲಿಸುವವನಿಗೂ ಅದೇ ನಿಯಮವು ಸಲ್ಲುವುದು. ಇಲ್ಲಿ ತಪ್ಪಾದರೆ ಕೆಡುವುದು ಪದ್ಯದ ಅರ್ಥವಲ್ಲ, ಬಂಡಿಯಲ್ಲಿ ಕುಳಿತವರ ಕ್ಷೇಮ.